ದೊಡ್ಡತಾತ ಬರೆದ ಹಿಂದಿನ ಕಾಲದ ಮಹಜರು

ಸ್ಪಂದನಾ, ತೇಜು, ನಿಮ್ಮ ದೊಡ್ಡತಾತ ಯಂತ್ರವಿಲ್ಲದೆ ಹಿಂದಿನ ಕಾಲಕ್ಕೆ ಹೋಗಿ ಕಳ್ಳನನ್ನು ಹಿಡಿದು ತಂದರು ಎಂದರೆ ನಂಬುತ್ತೀರಾ? ಗಂಡನ ಅಣ್ಣನ ಹೆಸರು ಹೇಳುವ ರೂಢಿ ನನಗಿಲ್ಲ, ಹಾಗಾಗಿ ಬರೆಯುವುದೂ ಇಲ್ಲ.

ತಪ್ಪು ನಿಮ್ಮದೇ. ಬೇಸಿಗೆ ರಜೆಯಲ್ಲಿ ನಮ್ಮನ್ನು ಕಡೂರಿನ ಟಾಕೀಸಿಗೆ ಕರೆದೊಯ್ದಿರಿ. ಪೊಲೀಸನೊಬ್ಬ ಯಂತ್ರದಲ್ಲಿ ಕೂತು ಹಳೆಯ ವರ್ಷಗಳಿಗೆ ಹೋಗಿ ಕೊಲೆಗಾರನನ್ನು ಹುಡುಕುವ ಸಿನಿಮಾ. ನನಗೆ ಅರ್ಧ ಅರ್ಥವಾಗಲಿಲ್ಲ. ನಿಮ್ಮ ದೊಡ್ಡತಾತನಿಗೆ ಪೂರ್ತಿ ಅರ್ಥವಾಗಿ ಸಿಟ್ಟು ಬಂತು. ಗ್ರಾಮಲೆಕ್ಕಿಗರಾಗಿದ್ದವರಲ್ಲವೇ? "ಅಷ್ಟು ದೂರ ಹೋದೋನು ಸ್ಥಳದಲ್ಲೇ ಒಂದು ಮಹಜರ್ ಬರೀಬಾರ್ದಾ? ಸಾಕ್ಷಿ ಸಹಿ ಇಲ್ದೆ ಯಾವ ಕೋರ್ಟ್ ಒಪ್ಪುತ್ತೆ?" ಎಂದು ಅಜ್ಜಂಪುರ ಮುಟ್ಟುವವರೆಗೂ ಗೊಣಗಿದರು.

ನೀವು ಊರಿಗೆ ಹೊರಟಿರಿ, ಇವರ ತನಿಖೆ ಶುರುವಾಯಿತು. ಮೊದಲು ಪಕ್ಕದ ಮನೆಯ ಕೋಳಿ. ಅದು ಕಾಣೆಯಾದ ಮಂಗಳವಾರವನ್ನು ಮತ್ತೆ ನಡೆಸಲು ಎಲ್ಲರನ್ನೂ ಅವರವರ ಜಾಗದಲ್ಲಿ ನಿಲ್ಲಿಸಿದರು. ಕೋಳಿಯ ಜಾಗದಲ್ಲಿ ತೆಂಗಿನಕಾಯಿ. ಬರೆದು ಮುಗಿಸುವ ಹೊತ್ತಿಗೆ ಕೋಳಿ ತಾನಾಗಿ ಬಂದು ಕಾಯಿಯ ಪಕ್ಕ ನಿಂತಿತು. ಇನ್ನು ಅವರನ್ನು ತಡೆಯುವವರು ಯಾರು?

ಮರುವಾರ ದೇವರಕೋಣೆಯ ಬೆಳ್ಳಿ ಗಿಂಡಿಯ ತನಿಖೆಗೆ ಕೈ ಹಾಕಿದರು. ಅದು ಕಳೆದದ್ದು ನಾನು ಮದುವೆಯಾಗಿ ಬಂದ ವರ್ಷ. ಅತ್ತೆ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಆದರೆ ಮನೆಗೆ ಹೊಸಬಳು ನಾನೊಬ್ಬಳೇ. ಅವರಿರುವವರೆಗೂ ಆ ಕೋಣೆಯ ಬೀಗದಕೈ ನನ್ನ ಕೈಗೆ ಬರಲಿಲ್ಲ. ನಿಮ್ಮ ತಾತ ಏನೆಂದುಕೊಂಡಿದ್ದರೋ, ಕೇಳುವ ಧೈರ್ಯ ನನಗಾಗಲಿಲ್ಲ. ನಾನು ಕೇಳುವ ಮೊದಲೇ ಅವರು ತೀರಿಹೋದರು.

"ಅದೆಲ್ಲಾ ಈಗ್ಯಾಕೆ ಭಾವ?" ಎಂದು ಬಾಗಿಲ ಮರೆಯಿಂದ ಅಂದೆ.

"ಹೊಸ ಸೊಸೆ ಮಾತಾಡಂಗಿಲ್ಲ ಕಣಮ್ಮ. ಕೊಡ ಎತ್ಕೊಂಡು ಬಾ. ಚುರುಕಾಗಿ ನಡಿ, ನಿಂಗೀಗ ಹದಿನೆಂಟು."

"ಮಂಡಿ ಒಪ್ಪಬೇಕಲ್ಲ."

ಅತ್ತೆಯ ಜಾಗದಲ್ಲಿ ಒನಕೆ ನಿಂತಿತ್ತು. ಹೋಲಿಕೆ ಅಷ್ಟೇನೂ ದೂರವಿರಲಿಲ್ಲ. ಸಾಕ್ಷಿಗೆ ಎದುರುಮನೆಯ ದರ್ಜಿ ಜಬ್ಬಾರ್ ಬಂದಿದ್ದ.

"ಆಗ ನಾನ್ ಹುಟ್ಟೇ ಇರ್ಲಿಲ್ಲ ಕಣ್ರೀ, ಸ್ವಾಮೇರೆ."

"ಈಗ ಹುಟ್ಟಿದೀಯಲ್ಲ, ಸುಮ್ನೆ ನಿಂತ್ಕೊಳಪ್ಪ."

ನಾನು ಕೊಡ ಹೊತ್ತು ಒಳಗೆ ಹೋದೆ. ಭಾವ ದೇವರಕೋಣೆಯಿಂದ ಖಾಲಿ ಕೈಯನ್ನು ಪಂಚೆಯ ಮರೆಗೆ ಹಿಡಿದು ಹೊರಬಂದರು. ನಡುಮನೆಯಲ್ಲಿ ನಿಂತುಬಿಟ್ಟರು.

"ಕೇಳ್ಕೊ ಜಬ್ಬಾರ್, ಬರೀತೀನಿ. ಗಿಂಡಿ ನನ್ ಕೈ ಜಾರಿ ಬಿದ್ದು ನೆಗ್ಗಿತ್ತು. ಗುಟ್ಟಾಗಿ ಸರಿ ಮಾಡ್ಸೋಣ ಅಂತ ತರೀಕೆರೆಗೆ ಒಯ್ದೆ. ಬಸ್ಸಲ್ಲೇ ಬಿಟ್ಟು ಇಳಿದ್ಬಿಟ್ಟೆ. ಅವ್ವನಿಗೆ ಹೆದರ್ಕೊಂಡು ಹೇಳ್ಲಿಲ್ಲ. ಆಮೇಲೆ ಇವಳ ಮುಖ ನೋಡಿ ಹೇಳಕ್ಕಾಗ್ಲಿಲ್ಲ. ಸೊಸೆ ನಿರ್ದೋಷಿ."

ಹೇಳಿದ್ದನ್ನೆಲ್ಲ ಭಾವ ಕೂತು ಬರೆದರು. ಜಬ್ಬಾರ್ ಸಹಿ ಹಾಕಿದ. ಭಾವ ಹಾಕಿದರು. ನನಗೂ ಪೆನ್ನು ಕೊಟ್ಟರು. ಸಹಿಗಳ ನಡುವೆ ಒಂದು ಗೆರೆ ಎಳೆದು ಖಾಲಿ ಬಿಟ್ಟಿದ್ದರು. ಇದು ಯಾರಿಗೆ ಎಂದು ಕೇಳಿದೆ.

"ತಮ್ಮನಿಗೆ," ಅಂದರು. "ಅವನು ಒಂದ್ಸಲ ನನ್ನ ಕೇಳಿದ್ದ ಕಣಮ್ಮ. ನನ್ ಹೆಂಡ್ತಿ ತಗೊಂಡಿಲ್ಲ ಅಣ್ಣ, ನಿಂಗೇನಾದ್ರೂ ಗೊತ್ತಾ ಅಂತ. ಗೊತ್ತಿಲ್ಲ ಅಂದಿದ್ದೆ."

ಮಕ್ಕಳೇ, ಆ ಮಹಜರನ್ನು ಈ ಹಾಳೆಗಳ ಜೊತೆ ಹೊಲಿದಿದ್ದೇನೆ. ಜೋಪಾನವಾಗಿಡಿ. ಆ ಖಾಲಿ ಗೆರೆಯ ಮೇಲೆ ಯಾರೂ ಏನೂ ಬರೆಯಬೇಡಿ.