ಜೋಗುಪಾಳ್ಯದ ರಕ್ತ, ನಮ್ಮ ಬೀರು

ಮನೆಯಲ್ಲಿ ಅಕ್ಕಿ ಬೇಳೆಗೇ ಜಾಗವಿಲ್ಲದವನು ಊರವರ ರಕ್ತ ಇಟ್ಟುಕೊಳ್ಳಲು ಒಪ್ಪಬಾರದು. ನಾನು ಒಪ್ಪಿದೆ. ಆಗ ಯುದ್ಧದ ಕಾಲ. ಹಲಸೂರಿನ ಒಂದು ಜ್ವರ ತನಿಖಾ ಕಚೇರಿಯಲ್ಲಿ ನಾನು ಸಹಾಯಕ. ಜೋಗುಪಾಳ್ಯದ ಮನೆಮನೆಗೆ ಹೋಗಿ ಬೆರಳಿಗೆ ಸೂಜಿ ಚುಚ್ಚುವುದು, ಬಂದ ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಸವರಿ ಹೆಸರು, ಆರೋಗ್ಯ ಬರೆದ ಚೀಟಿ ಅಂಟಿಸುವುದು ನನ್ನ ಕೆಲಸ. ವರ್ಷವರ್ಷವೂ ಹೀಗೆ ತೆಗೆದು ಜೋಪಾನ ಮಾಡಿದರೆ, ಇಪ್ಪತ್ತು ವರ್ಷದ ಮೇಲೆ ಯಾರಾದರೂ ಬುದ್ಧಿವಂತರು ಅವನ್ನೆಲ್ಲ ನೋಡಿ ಈ ಜನಕ್ಕೆ ಜ್ವರ ಹೇಗೆ ಬಂತು, ಹೇಗೆ ಹೋಯಿತು ಎಂದು ಕಂಡುಕೊಳ್ಳುತ್ತಾರೆಂಬುದು ನಮ್ಮ ಡಾಕ್ಟರ ಆಸೆ. ಅಷ್ಟರಲ್ಲಿ ಕಚೇರಿಯ ಉಗ್ರಾಣ ಮಿಲಿಟರಿಯವರ ಪಾಲಾಯಿತು. ಗಾಜಿನ ಪಟ್ಟಿಗಳ ಪೆಟ್ಟಿಗೆಗಳು ನಮ್ಮ ಬೀರುವಿಗೆ ಬಂದವು. “ಇಪ್ಪತ್ತು ವರ್ಷಾನಾ? ನನ್ನ ಉಪ್ಪಿನಕಾಯೀನೇ ಅಷ್ಟು ದಿನ ಬಾಳಲ್ಲ ಕಣ್ರೀ” ಎನ್ನುತ್ತಾ ನನ್ನ ಹೆಂಡತಿ ಶಾರದೆ ಜಾಡಿಗಳನ್ನು ಮಂಚದ ಕೆಳಗೆ ತಳ್ಳಿದಳು.

ಒಂದು ಬೆಳಿಗ್ಗೆ ಜೋಗುಪಾಳ್ಯದ ಮುನಿಯಮ್ಮ ಬಂದಳು. ಸೊಪ್ಪು ಮಾರುತ್ತಿದ್ದ ಅವಳ ಗಂಡ ಚಿನ್ನಪ್ಪ ತೀರಿಕೊಂಡು ಮೂರು ತಿಂಗಳಾಗಿತ್ತು. “ಒಂದು ಪಟಾನೂ ತೆಗೆಸಿರ್ಲಿಲ್ಲ ಸಾಮಿ. ಅವರ್ದು ಒಂದು ತೊಟ್ಟು ನಿಮ್ಮನೇಲಿ ಐತಂತೆ. ಒಂದ್ಸಲ ತೋರಿಸ್ತೀರಾ?” ಎಂದಳು. ಯಾರಿಗೂ ತೋರಿಸಬಾರದೆಂಬ ನಿಯಮವಿತ್ತು. ಅವಳ ಮುಖ ನೋಡಿ ಆ ನಿಯಮವನ್ನು ಮರೆತು ಒಳಗೆ ಹೋದೆ.

ಪೆಟ್ಟಿಗೆಯ ಮುಚ್ಚಳ ಸ್ವಲ್ಪ ತೆರೆದುಕೊಂಡಿತ್ತು. ಚಿನ್ನಪ್ಪನ ಪಟ್ಟಿಯನ್ನು ಬೆಳಕಿಗೆ ಹಿಡಿದೆ. ಹೆಸರಿನ ಚೀಟಿ ಇದೆ, ಗಾಜು ಮಾತ್ರ ತೊಳೆದಿಟ್ಟಂತಿದೆ. ಜಿರಲೆ! ಒಣಗಿದ ಹನಿಯನ್ನು ನೆಕ್ಕಿ ಹೋಗಿದೆ. ಪಕ್ಕದ ಪಟ್ಟಿಯನ್ನೇ ತೋರಿಸಿಬಿಡೋಣವೆಂದು ಕೈ ಹೋಯಿತು. ಅವಳಿಗೇನು ಗೊತ್ತಾಗುತ್ತದೆ? ಹಿಂದೆ ನಿಂತಿದ್ದ ಶಾರದೆ, “ಬೇರೆಯವರನ್ನ ಅವಳ ಗಂಡ ಅಂತೀರಾ?” ಎಂದು ಮೆಲ್ಲಗೆ ಕೇಳಿದಳು. ಕೈ ಹಿಂದೆ ಬಂತು.

ಹೊರಗೆ ಬಂದು, “ಮುಚ್ಚಳ ಸರಿಯಾಗಿ ಹಾಕಿರ್ಲಿಲ್ಲ. ತಪ್ಪು ನಂದು. ಜಿರಲೆ ತಿಂದ್ಬಿಟ್ಟಿದೆ ಕಣಮ್ಮ” ಎಂದೆ.

ಮುನಿಯಮ್ಮ ಖಾಲಿ ಗಾಜನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ಕಣ್ಣೊರೆಸಿಕೊಳ್ಳುತ್ತಲೇ ನಕ್ಕುಬಿಟ್ಟಳು. “ಇದ್ದಾಗ್ಲೂ ಹಂಗೇ. ಹಸ್ಕೊಂಡು ಬಂದೋರ್ಗೆ ಇಲ್ಲ ಅಂದೋರಲ್ಲ.” ಗಾಜನ್ನು ನನ್ನ ಕೈಗೆ ಕೊಟ್ಟು, “ಅವತ್ತು ನಾನು ಸೂಜಿ ಬ್ಯಾಡ ಅಂದಿದ್ನಲ್ಲ, ಈಗ ತಗಳ್ಳಿ. ಅವರ ಜಾಗದಾಗೆ ನಂದಿರ್ಲಿ” ಎಂದು ಬೆರಳು ಚಾಚಿದಳು.

ಹನಿ ತೆಗೆದೆ. ಶಾರದೆಯೂ ತಾನಾಗಿ ಕೈಯೊಡ್ಡಿದಳು. “ನಿಮ್ದೆಲ್ಲಿ ಸಾಮಿ?” ಎಂದಳು ಮುನಿಯಮ್ಮ. ನಾನು ಪೆಟ್ಟಿಗೆ ಸರಿಪಡಿಸತೊಡಗಿದೆ. ಇಡೀ ಜೋಗುಪಾಳ್ಯಕ್ಕೆ ಸೂಜಿ ಚುಚ್ಚಿದ್ದ ನಾನು ನನ್ನ ಬೆರಳನ್ನು ಮಾತ್ರ ಇಷ್ಟು ದಿನ ಕಾಪಾಡಿಕೊಂಡು ಬಂದಿದ್ದೆ. ಶಾರದೆ ಸೂಜಿ ಎತ್ತಿಕೊಂಡಳು. ಮುನಿಯಮ್ಮ ನನ್ನ ಮಣಿಕಟ್ಟು ಹಿಡಿದುಕೊಂಡಳು.

ಕಣ್ಣು ಬಿಟ್ಟಾಗ ನಾನು ನೆಲದ ಮೇಲಿದ್ದೆ. ಮುನಿಯಮ್ಮ ಸೆರಗಿನಿಂದ ಗಾಳಿ ಹಾಕುತ್ತಿದ್ದಳು. ಶಾರದೆ ಮೂರನೆಯ ಪಟ್ಟಿಗೆ ನನ್ನ ಹೆಸರಿನ ಚೀಟಿ ಅಂಟಿಸುತ್ತಾ, “ಆರೋಗ್ಯ ಅನ್ನೋ ಕಡೆ ಏನಂತ ಬರೀಲಿ?” ಎಂದು ಕೇಳಿದಳು. ಮಲಗಿದ್ದಲ್ಲಿಂದಲೇ “ಉತ್ತಮ” ಎಂದೆ.