ಮುಳ್ಳುಹೂವಿನ ಕುರ್ಚಿ

ಒಂದಾನೊಂದು ಕಾಲದಲ್ಲಿ, ಅಂದರೆ ಹೋದ ಮೇ ತಿಂಗಳ ಎರಡನೇ ಮಂಗಳವಾರ, ಶ್ರಾಪ್‌ಶೈರಿನ ಗುಡ್ಡಗಳ ನಡುವೆ, ಜನ ಟಿಕೆಟ್ ಕೊಂಡು ನೋಡುವ ಒಂದು ಹಳೆಯ ಅರಮನೆಯಿತ್ತು. ಅರಮನೆಗೆ ನೂರಾ ಮೂರು ಕಿಟಕಿ. ಒಂದು ಕಿಟಕಿಯ ಪಕ್ಕ ಒಂದು ಕುರ್ಚಿ. ಕುರ್ಚಿಯ ಮೇಲೆ ಒಂದು ಒಣಗಿದ ಮುಳ್ಳುಹೂವು. ಅದನ್ನು ಕಾಯಲು ರಾಕ್ಷಸನೇನೂ ಇರಲಿಲ್ಲ. ಎದೆಗೆ ಹೆಸರಿನ ಬಿಲ್ಲೆ ಚುಚ್ಚಿಕೊಂಡ, ಎಪ್ಪತ್ತು ದಾಟಿದ ಬೆರಿಲ್ ಎಂಬಾಕೆ ಇದ್ದಳು. ಸಂಬಳವಿಲ್ಲದ ಸೇವೆ. ರಾಕ್ಷಸನಾಗಿದ್ದರೆ ಎಷ್ಟೋ ವಾಸಿಯಿತ್ತು ಎಂದು ನೋಡಲು ಬಂದಿದ್ದ ಹೊರೇಸ್ ಟಪ್ಪರನಿಗೆ ಅನಿಸಿತು. ರಾಕ್ಷಸರು ನಕ್ಕು ನಮಸ್ಕಾರ ಹೇಳುವುದಿಲ್ಲ.

ಹಳೆಯ ಕುರ್ಚಿಯ ಮೇಲೆ ಕೂರಬೇಡಿ ಎಂದು ಬಾಯಿಬಿಟ್ಟು ಹೇಳುವುದು ಆ ನಾಡಿನಲ್ಲಿ ಅಸಭ್ಯತನ. ಅದಕ್ಕೇ ಮುಳ್ಳುಹೂವು ಇಡುತ್ತಾರೆ. ನೋಡಿದವರು ತಾವಾಗಿಯೇ ಅರ್ಥ ಮಾಡಿಕೊಂಡು ನಿಂತೇ ಇರುತ್ತಾರೆ.

ಹೊರೇಸನ ಹೆಂಡತಿ ಮೇವಿಸ್ ಹಾಗೆ ಹನ್ನೊಂದು ವರ್ಷ ನಿಂತಿದ್ದಳು. ಪ್ರತಿ ಮೇ ತಿಂಗಳು ಇಬ್ಬರೂ ಇಲ್ಲಿಗೆ ಬರುತ್ತಿದ್ದರು. ಮೂವತ್ತು ಕೋಣೆ ಸುತ್ತಿ ಈ ಹಳದಿ ಕೋಣೆಗೆ ಬರುವಷ್ಟರಲ್ಲಿ ಮೇವಿಸಳ ಮಂಡಿಗಳು ಅಳುತ್ತಿದ್ದವು. ಆದರೂ ನೀಲಿ ಟೋಪಿ ತೊಟ್ಟು ಕುರ್ಚಿಯ ಪಕ್ಕ ಕೊಕ್ಕರೆಯಂತೆ ಕಾಲು ಬದಲಿಸುತ್ತ ನಿಂತು, "ಈ ಮನೆ ಒಡತಿ ಇಲ್ಲೇ ಕೂತು, ಯುದ್ಧಕ್ಕೆ ಹೋದ ಗಂಡನ ದಾರಿ ಕಾಯ್ತಿದ್ಲು ಕಣೋ," ಎನ್ನುತ್ತಿದ್ದಳು. ಕತೆ ಅವಳದೇ. ಯಾವ ಫಲಕದ ಮೇಲೂ ಅದು ಬರೆದಿರಲಿಲ್ಲ.

ಕಳೆದ ಚಳಿಗಾಲ ಆಸ್ಪತ್ರೆಯ ಹಾಸಿಗೆಯಲ್ಲಿ ಅವಳು ಹೇಳಿದ್ದು ಇಷ್ಟೇ: "ಹೊರೇಸ್, ನಂಗಂತೂ ಆ ಕುರ್ಚೀಲಿ ಕೂರೋಕೆ ಆಗ್ಲಿಲ್ಲ. ನನ್ನ ಪರವಾಗಿ ನೀನೊಂದು ಸಲ ಕೂತ್ಕೊಂಡು ಬಾ. ಮಾತು ಕೊಡು."

ನಲವತ್ತು ವರ್ಷ ಬಸ್ಸು ಓಡಿಸಿ ಒಂದೇ ಒಂದು ಕೆಂಪು ದೀಪ ದಾಟದಿದ್ದ ಹೊರೇಸ್ ಮಾತು ಕೊಟ್ಟುಬಿಟ್ಟ.

ಒಬ್ಬನೇ ಹೋಗಿ ಕೆಲಸ ಮುಗಿಸಿಬರೋಣ ಎಂದುಕೊಂಡರೆ, ಪಕ್ಕದ ಮನೆಯ ವಿನಿಫ್ರೆಡ್ ಗಾಸ್ಲಿಂಗ್ ಬಸ್ ನಿಲ್ದಾಣದಲ್ಲೇ ಅಂಟಿಕೊಂಡಳು. "ಹೆಂಡ್ತಿ ಹೋದ ಗಂಡಸ್ರನ್ನ ಒಂಟಿಯಾಗಿ ಬಿಡಬಾರದು. ಮೊಟ್ಟೆ ಸ್ಯಾಂಡ್‌ವಿಚ್ ತಂದಿದೀನಿ." ಟಿಕೆಟ್ ಕೊಡುವವಳಿಗೆ, "ಪಾಪ, ಇವರ ಹೆಂಡ್ತಿ ತೀರ್ಕೊಂಡ್ರು," ಎಂದಳು. ಬಾಗಿಲಲ್ಲಿ ಬಂದವರ ಕೊಡೆ ಇಸಿದು ಇಟ್ಟುಕೊಳ್ಳುವವನಿಗೂ ಹೇಳಿದಳು. ಇಬ್ಬರೂ "ಛೆ, ಕ್ಷಮಿಸಿ," ಎಂದರು, ತಾವೇ ಕೊಂದವರಂತೆ.

ವಿನಿಫ್ರೆಡ್ ಅಡುಗೆಮನೆಯ ತಾಮ್ರದ ಪಾತ್ರೆಗಳ ಎದುರು ಮೈಮರೆತಾಗ ಹೊರೇಸ್ ಜಾರಿಕೊಂಡು ಹಳದಿ ಕೋಣೆ ಸೇರಿದ. ಬೆರಿಲ್ ಕಿಟಕಿಯ ಬಳಿ ನೆಟ್ಟಗೆ ನಿಂತಿದ್ದಳು.

"ಒಲೆಗೂಡಿನ ಬಗ್ಗೆ ಹೇಳ್ಲಾ ಸರ್?"

ಬೇಡ ಎನ್ನಲು ಸಂಕೋಚ. ಚಳಿ ಕಾಯಿಸಲು ಗೋಡೆಯಲ್ಲಿ ಕಟ್ಟಿದ್ದ ಆ ಒಲೆಗೂಡಿನ ಪುರಾಣವನ್ನು ಇಪ್ಪತ್ತು ನಿಮಿಷ ಕೇಳಿದ. ಕೊನೆಗೆ, ಜೀವಮಾನದ ಮೊದಲ ಸುಳ್ಳು ಹೇಳಿದ. "ಪಕ್ಕದ ಕೋಣೇಲಿ ಯಾರೋ ಹೂದಾನಿ ಮುಟ್ತಾ ಇದ್ರು."

"ಮುಟ್ತಾ ಇದ್ರಾ!" ಬೆರಿಲ್ ಆಂಬುಲೆನ್ಸಿನಂತೆ ಹೊರಟಳು.

ಹೊರೇಸ್ ಕಳ್ಳನಂತೆ ಮುಳ್ಳುಹೂವನ್ನು ಎತ್ತಿದ. ಅಷ್ಟರಲ್ಲಿ ಬಾಗಿಲಲ್ಲಿ ವಿನಿಫ್ರೆಡ್. ಗಾಬರಿಯಲ್ಲಿ ಹೂವನ್ನು ಬೆನ್ನ ಹಿಂದೆ ಬಚ್ಚಿಟ್ಟ. ಅದು ಮೇವಿಸ್ ಹೆಣೆದಿದ್ದ ಉಣ್ಣೆಯ ಸ್ವೆಟರನ್ನು ಕಚ್ಚಿಕೊಂಡಿತು.

"ಏನ್ರೀ ಅದು ಬೆನ್ನಲ್ಲಿ? ಮುಳ್ಳುಹಂದಿ ಮರಿ?"

"ಏನಿಲ್ಲ, ಬಿಡಿ."

"ತಿರುಗಿ, ತೆಗೀತೀನಿ!"

ಅವಳು ಎಳೆದಳು. ಹೂವಿನ ಜೊತೆ ನೂಲೂ ಬಂತು. ಎಳೆದಷ್ಟೂ ಬಂತು. "ಎಳೀಬೇಡಿ, ಅದು ಅವಳು ಹೆಣೆದದ್ದು!" ಎನ್ನುತ್ತ ಹೊರೇಸ್ ಹಿಂದೆ ಹಿಂದೆ ಸರಿದ. ಹಳೆಯ ಸಾಮಾನುಗಳ ಮುಂದೆ ಅಡ್ಡ ಕಟ್ಟಿದ್ದ ಕೆಂಪು ಹಗ್ಗಕ್ಕೆ ಕಾಲು ತಗುಲಿತು. ಹಗ್ಗದ ಹಿತ್ತಾಳೆ ಕಂಬಗಳು ಒಂದರ ಮೇಲೊಂದು ಉರುಳಿದವು. ಎಲ್ಲಿಂದಲೋ ಎಚ್ಚರಿಕೆಯ ಗಂಟೆ ಊಳಿಡತೊಡಗಿತು.

ಬಿದ್ದು ನೆಲದ ಮೇಲೆ ಕೂತ ಹೊರೇಸನ ಸುತ್ತ ಹತ್ತು ಜನ ಸೇರಿದರು. ಹತ್ತೂ ಜನ "ಕ್ಷಮಿಸಿ" ಎಂದರು. ಬೆರಿಲ್ ಓಡಿಬಂದು ಗಂಟೆ ನಿಲ್ಲಿಸಿದಳು.

"ಪಾಪ, ಇವರ ಹೆಂಡ್ತಿ," ಎಂದು ವಿನಿಫ್ರೆಡ್ ಶುರುಮಾಡಿದಳು.

"ನಾನೇ ಹೇಳ್ತೀನಿ," ಎಂದ ಹೊರೇಸ್. ಎದ್ದೇಳದೆಯೇ ಎಲ್ಲ ಹೇಳಿದ. "ಈ ಕುರ್ಚಿ ಹಳೇದು, ಗೊತ್ತು. ಪೊಲೀಸರನ್ನ ಕರೀಬಹುದು. ಆದ್ರೆ ಅದಕ್ಕೆ ಮೊದ್ಲು ಒಂದೇ ನಿಮಿಷ ಕೂರೋಕೆ ಬಿಡಿ."

ಬೆರಿಲ್ ಕಣ್ಣು ಪಿಳಿಪಿಳಿ ಬಿಟ್ಟಳು. "ಹಳೇದಾ? ಇದು ನಮ್ಮನೆ ಊಟದ ಮೇಜಿನ ಕುರ್ಚಿ ಸರ್. ನನ್ನ ಸೊಂಟ ಸರಿಯಿಲ್ಲ ಅಂತ ನಾನೇ ಹೊತ್ಕೊಂಡು ಬಂದಿದ್ದು."

"ಮತ್ತೆ ಮುಳ್ಳುಹೂವು?"

"ನೋಡೋಕೆ ಬಂದೋರು ನಿಂತಿರುವಾಗ ನಾನು ಕೂತಿರೋದು ಚೆನ್ನಾಗಿರಲ್ಲ ಅಲ್ವಾ? ಹೆಜ್ಜೆ ಸಪ್ಪಳ ಕೇಳಿದ ಕೂಡ್ಲೇ ಎದ್ದುಬಿಡ್ತೀನಿ. ಆಗ ಯಾರಾದ್ರೂ ಕೂತ್ರೆ, ಏಳಿ ಅನ್ನೋಕೆ ಬಾಯಿ ಬರಲ್ಲ. ಅದಕ್ಕೇ ಹೂವು."

"ಕೇಳಿದ್ರೆ ಕೊಡ್ತಿದ್ರಾ?"

"ಅಯ್ಯೋ, ಕೇಳಿದೋರಿಗೆಲ್ಲ ಕೊಟ್ಟಿದೀನಿ!" ಎಂದ ಬೆರಿಲ್ ಖಾಲಿ ಕುರ್ಚಿಯ ಬೆನ್ನನ್ನು ಸವರಿದಳು. "ಒಬ್ರು ಬರ್ತಿದ್ರು ಸರ್, ನೀಲಿ ಟೋಪಿಯೋರು. ಪ್ರತಿ ವರ್ಷ ಇಲ್ಲೇ ನಿಂತಿರೋರು, ಮಂಡಿ ನೋವು ಅಂತ ನೋಡಿದ್ರೇ ಗೊತ್ತಾಗ್ತಿತ್ತು. ಕೂತ್ಕೊಳಿ ಅಂತ ನಾಲಿಗೆ ತುದಿಗೆ ಬರ್ತಿತ್ತು. ವಯಸ್ಸಾಯ್ತು ನಿಮಗೆ ಅಂದ ಹಾಗಾದ್ರೆ ನೊಂದ್ಕೋತಾರೇನೋ ಅಂತ ಸುಮ್ನಾಗ್ತಿದ್ದೆ."

ಹೊರೇಸ್ ನಿಧಾನವಾಗಿ ನೆಲದಿಂದ ಎದ್ದ. ವಿನಿಫ್ರೆಡ್, ಬಹುಶಃ ಹುಟ್ಟಿದ ಮೇಲೆ ಮೊದಲ ಸಲ, ತಾನಾಗಿಯೇ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಅವಳ ಕೈಯಲ್ಲಿ ಬೂದು ನೂಲು ಒಂದು ಉಂಡೆಯಷ್ಟು ಸೇರಿತ್ತು.

ಬೆರಿಲ್ ಕರವಸ್ತ್ರದಿಂದ ಕುರ್ಚಿಯನ್ನು ಒರೆಸಿ ಕಿಟಕಿಯ ಕಡೆ ತಿರುಗಿಸಿದಳು. ಹೊರೇಸ್ ಕೂತ. ಒಂದು ಕಾಲು ಗಿಡ್ಡವಿದ್ದ ಕುರ್ಚಿ ಟಕ್ ಎಂದು ವಾಲಿತು. ನಿಂತಾಗ ಕಾಣುತ್ತಿದ್ದ ಕೆರೆ, ದಾರಿ ಯಾವುದೂ ಈಗ ಕಾಣಲಿಲ್ಲ. ಕಿಟಕಿಯ ದಪ್ಪ ಮರದ ಚೌಕಟ್ಟು ಅಡ್ಡವಿತ್ತು. ಅದರ ಮೇಲುಗಡೆ ಅಂಗೈಯಗಲದ ಮೋಡ ಮಾತ್ರ ಕಾಣುತ್ತಿತ್ತು.

"ಹಾಯಾಗಿದ್ಯಾ ಸರ್?" ಎಂದಳು ಬೆರಿಲ್, ನಿಂತೇ, ಸೊಂಟದ ಮೇಲೆ ಕೈಯಿಟ್ಟುಕೊಂಡು.

"ತುಂಬಾ ಹಾಯಾಗಿದೆ," ಎಂದ ಹೊರೇಸ್.

ಆಮೇಲೆ, ಯಾರಿಗೂ ಕೇಳದಷ್ಟು ಮೆಲ್ಲಗೆ, "ಕೂತೆ ಕಣೆ," ಎಂದ.