ಕೈಲಾಸದಾಚೆಯ ಬೀಗರು

ನಮ್ಮ ಕಡೆ ಬೀಗರಿಲ್ಲದ ಮನೆಯಿಲ್ಲ. ಬಾಗೇವಾಡಿ ತಾಲ್ಲೂಕಿನವರಿಗೆ ಇಂಡಿಯಲ್ಲೊಬ್ಬ ಬೀಗ, ಸಿಂದಗಿಯಲ್ಲೊಬ್ಬ, ಮುದ್ದೇಬಿಹಾಳದ ಕಡೆ ಮುನಿಸಿಕೊಂಡು ಕೂತ ಇನ್ನೊಬ್ಬ ಇದ್ದೇ ಇರುತ್ತಾನೆ. ಆದರೆ ಹಿಮಾಲಯದ ಆಚೆಗೆ ಬೀಗತನ ಬೆಳೆಸಿದವರು ಇಡೀ ಬಿಜಾಪುರ ಜಿಲ್ಲೆಗೆ ಒಬ್ಬರೇ, ನಮ್ಮ ಕಾಕಾ! ಹೆಣ್ಣು ಕೊಟ್ಟಿರಲಿಲ್ಲ, ತಂದಿರಲಿಲ್ಲ. ಆ ಬೀಗರಿಗೆ ಉದ್ದನೆಯ ಕಾಲು, ಚೂಪು ಕೊಕ್ಕು, ಮತ್ತು ಕಡಲೆ ಹೊಲ ಕಂಡರೆ ತಡೆಯಲಾರದ ಹಸಿವು ಇತ್ತು.

ಕಾಕಾ ಎಂದರೆ ನನ್ನ ಮಾವನವರ ತಮ್ಮ. ಮಾವನವರು ನಾನು ಸೊಸೆಯಾಗಿ ಬರುವ ಮುಂಚೆಯೇ ಲಿಂಗೈಕ್ಯರಾಗಿದ್ದರು. ಮನೆಗೆ ಹಿರಿಯರೆಂದರೆ ಕಾಕಾ ಒಬ್ಬರೇ, ಆದರೆ ಅವರನ್ನು ಹಿರಿಯರೆಂದು ಲೆಕ್ಕಕ್ಕೆ ಹಿಡಿದವರು ಯಾರು? ದೀಪಾವಳಿ ಮುಗಿದು ಚಳಿ ಬೀಳುವ ಹೊತ್ತಿಗೆ ನಮ್ಮೂರ ಕೆರೆಗೆ ಒಂದು ಜಾತಿಯ ಕೊಕ್ಕರೆಗಳು ಬಂದಿಳಿಯುತ್ತಿದ್ದವು. ವಿಭೂತಿ ಬಳಿದುಕೊಂಡಂಥ ಬೂದು ಮೈ, ಕೊರಳ ತುಂಬ ಕಪ್ಪು, ಕಿವಿಯ ಹಿಂದೆ ಬಿಳಿಯ ಕುಚ್ಚು. ಶಿವರಾತ್ರಿ ಕಳೆದು ಬಿಸಿಲು ಏರಿದಾಗ ಒಂದು ಮುಂಜಾನೆ ಎಲ್ಲವೂ ಕೂಡಿ ಎದ್ದು ಹೋಗುತ್ತಿದ್ದವು. ಅವು ಹಿಮಾಲಯ ದಾಟಿ ಬರುತ್ತವೆಂದು ಯಾರೋ ಮಾಸ್ತರರು ಹೇಳಿದ್ದೇ ಸಾಕಾಯಿತು. ನಾನು ಶಿವಪೂಜೆಗೆ ಕೂತರೆ ಕಾಕಾ ಬಾಗಿಲಲ್ಲಿ ನಿಂತು, "ನೀ ದಿನಾ ಕರದ್ರೂ ಬರದಾಂವನ ಮನಿ ಮ್ಯಾಲೇ ಹಾದು ಬಂದಾರ ನಮ್ಮ ಬೀಗರು. ಕೆರಿಗೆ ಬಾ, ಅವನ ಸುದ್ದಿ ಹೇಳ್ತಾರ" ಎನ್ನುತ್ತಿದ್ದರು. ಇಂಥವರ ಮುಂದೆ ಮಂತ್ರ ಎಲ್ಲಿಗೆ ಬಂದಿತ್ತೆಂದು ನೆನಪಿರುವುದೆ?

ಅವರ ಕೊರಳಲ್ಲಿ ಒಂದು ದುರ್ಬೀನು ನೇತಾಡುತ್ತಿತ್ತು. ಬಿಜಾಪುರದ ಹಳೆಯ ಸಾಮಾನಿನ ಅಂಗಡಿಯಿಂದ ತಂದದ್ದು. ಒಂದು ಕಡೆಯ ಗಾಜು ಒಡೆದಿತ್ತು. ಸರಿ ಮಾಡಿಸಿರೆಂದರೆ, ಬೀಗರನ್ನು ಎರಡೂ ಕಣ್ಣು ತೆರೆದು ನೋಡಬಾರದು, ಬೀಗತನ ಕೆಡುತ್ತದೆ ಎಂದು ನನಗೇ ಬುದ್ಧಿ ಹೇಳಿದರು.

ಕನ್ನಡ ನಾಡು ಒಂದಾದ ವರ್ಷವೇ ನಾನು ಸಿಂದಗಿಯಿಂದ ಈ ಮನೆಗೆ ಸೊಸೆಯಾಗಿ ಬಂದದ್ದು. ನಾಡು ಕೂಡಿತು, ನಾನು ತವರನ್ನು ಅಗಲಿದೆ. ತವರೆಂದರೆ ಅಪ್ಪ ಒಬ್ಬರೇ. ಅವ್ವ ತೀರಿಕೊಂಡು ಬಹಳ ದಿನವಾಗಿತ್ತು. ಹೀಗಿರುವಾಗ ಒಂದು ಮಧ್ಯಾಹ್ನ ಕೆರೆಯ ಕಡೆಯಿಂದ ಬಂದ ಬಂಡಿಯವನು ಕಾಕಾ ಹೇಳಿಕಳಿಸಿದ್ದನ್ನು ಒದರಿ ಹೋದ: "ಬೀಗರು ಬಂದಾರಂತ್ರಿ."

ಹೊಸ ಸೊಸೆಯ ಮನೆಗೆ ಬೀಗರು ಬಂದರೆ ಮತ್ತಾರು, ನನ್ನ ಅಪ್ಪನೇ! ಅತ್ತೆ ಒಲೆಯ ಮೇಲೆ ಹೂರಣಕ್ಕಿಟ್ಟರು. ನಾನು ಇಳಕಲ್ ಸೀರೆ ಉಟ್ಟು, ಹೊಸ್ತಿಲು ಒಳಗು ಎಂದು ಓಡಾಡಿದೆ. ದೀಪ ಹಚ್ಚುವ ಹೊತ್ತಿಗೆ ಕಾಕಾ ಒಬ್ಬರೇ ಬಂದರು.

"ಬೀಗರೆಲ್ಲಿ?" ಅತ್ತೆ ಕೇಳಿದರು.

"ಕೆರ್ಯಾಗ ಅದಾರಲ್ಲ ವೈನಿ. ಮೊಣಕಾಲಮಟ ನೀರಾಗ ನಿಂತಾರ."

ನಮ್ಮಪ್ಪ ಕೆರೆಗೆ ಬಿದ್ದರೆಂದು ಅತ್ತೆ ಹೌಹಾರಿ ಹಗ್ಗ ಹುಡುಕತೊಡಗಿದರು. ಬಂದದ್ದು ಕೊಕ್ಕರೆಗಳೆಂದು, ಅವಕ್ಕೆ ಕಾಕಾ ಬೀಗರೆಂದು ಹೆಸರಿಟ್ಟಿದ್ದಾರೆಂದು ಅಂದೇ ಮೊದಲ ಸಲ ತಿಳಿದ ಮೇಲೆ ಅವರ ಬಾಯಿಂದ ಬಂದದ್ದನ್ನು ನಾನು ಬರೆಯಲಾರೆ. ನಾನು ಒಲೆಯ ಮುಂದೆ ಕೂತು ಕಣ್ಣೊರೆಸಿಕೊಂಡೆ. ಕಟ್ಟಿಗೆ ಹಸಿಯಿತ್ತು ಎಂದು ಹೇಳಿಕೊಂಡೆ. ಕಾಕಾ ನನ್ನನ್ನೊಮ್ಮೆ, ಕಟ್ಟಿಗೆಯನ್ನೊಮ್ಮೆ ನೋಡಿದರು. ಕಟ್ಟಿಗೆ ಒಣಗಿತ್ತು. ಆ ರಾತ್ರಿ ಹೋಳಿಗೆಗೆ ಎರಡನೆಯ ಸಲ ತುಪ್ಪ ಕೇಳಲಿಲ್ಲ.

ಮರುದಿನ ಅವರು ಮನೆಯಲ್ಲಿರಲಿಲ್ಲ. ಅದರ ಮರುಸಂಜೆ ಬಾಗಿಲಲ್ಲಿ ಕಾಕಾ, ಅವರ ಹಿಂದೆ ಧೂಳು ಮೆತ್ತಿಕೊಂಡ ನನ್ನ ಅಪ್ಪ! "ಇವರಿಗೆ ಕೊಕ್ಕಿಲ್ಲ, ನೋಡ್ಕೋ ಯವ್ವಾ" ಎಂದು ಹೇಳಿ ಕಾಕಾ ಕೈಕಾಲು ತೊಳೆಯಲು ಹೋದರು. ಹೋಳಿಗೆ ಮುಗಿದಿತ್ತು. ಅಪ್ಪ ರೊಟ್ಟಿ, ಪುಂಡಿಪಲ್ಯ ಉಂಡರು. ಶಿವನೇ, ನನಗೆ ಅಷ್ಟು ಸಾಕಾಗಿತ್ತು.

ಊರವರಿಗೆ ಮಾತ್ರ ಈ ಬೀಗತನ ಸಾಕಾಗಿಹೋಗಿತ್ತು. ಕಡಲೆಗೆ ಬಿದ್ದ ಹಕ್ಕಿಗಳನ್ನು ರೈತರು ಕವಣೆ ಬೀಸಿ ಎಬ್ಬಿಸಿದರೆ, ಉಣ್ಣಲು ಕೂತವರನ್ನು ಎಬ್ಬಿಸುತ್ತಾರೆಯೇ ಎಂದು ಕಾಕಾ ಜಗಳಕ್ಕೆ ನಿಲ್ಲುತ್ತಿದ್ದರು. ನಿಮ್ಮ ಬೀಗರಾದರೆ ನಿಮ್ಮ ಹೊಲದಲ್ಲೇ ಉಣಿಸಿರೆಂದು ಒಬ್ಬ ಹೇಳಿದ. ಹೇಳಬಾರದಿತ್ತು! ನಮ್ಮ ಹೊಲದ ಕೆರೆಯಂಚಿನ ಭಾಗ ಆ ವರ್ಷದಿಂದ ಬೀಗರ ಪಾಲಾಯಿತು. "ಮಂದಿ ಬೀಗರು ಉಂಡು ಎಲಿಅಡಕಿ ತಿಂದು ಹೊಕ್ಕಾರ, ನಿನ್ನ ಬೀಗರು ಗಿಡದ ಬೇರು ಸೈತ ಬಿಡಂಗಿಲ್ಲ" ಎಂದು ಅತ್ತೆ ಸಿಡುಕುತ್ತಿದ್ದರು.

ನಗುತ್ತ ಹೇಳುತ್ತಿದ್ದೇನೆ, ಆದರೆ ಇದು ಬರೀ ನಗುವ ಮಾತಲ್ಲ. ಕಾಕಾನಿಗೆ ಮಕ್ಕಳಾಗಲಿಲ್ಲ. ಅವರ ಹೆಂಡತಿ ಕಾಕು ಜ್ವರ ಬಂದು ಬೇಗ ಹೋಗಿಬಿಟ್ಟಿದ್ದರು. ಮಗನೋ ಮಗಳೋ ಇಲ್ಲದವರನ್ನು ನಮ್ಮಲ್ಲಿ ಯಾರೂ ಬಾಯಿತುಂಬ 'ಬೀಗರ' ಎಂದು ಕರೆಯುವುದಿಲ್ಲ. ಮದುವೆಗಳಲ್ಲಿ ಬೀಗರು ಬೀಗರು ಎದೆಗೆ ಎದೆ ಹಚ್ಚಿ ಭೇಟಿಯಾಗುವಾಗ ಕಾಕಾ ಹಂದರದ ಕಂಬ ಹಿಡಿದು ಹಿಂದೆ ನಿಂತಿರುತ್ತಿದ್ದರು. ಮಂದಿ ನೋಡಿಯೂ ನೋಡದವರಂತೆ ಇರುತ್ತಿದ್ದರು. ನಾನೂ ನೋಡಿದ್ದೇನೆ. ಏನು ಹೇಳಲಿ?

ಮುಂದೆ ಅವರ ಒಂದು ಕಣ್ಣಿಗೆ ಪೊರೆ ಬಂದು ಪೂರ್ತಿ ಮುಚ್ಚಿತು. ಇನ್ನೊಂದೂ ಮಸುಕಾಗತೊಡಗಿತು. ಮೀರಜಿನ ಆಸ್ಪತ್ರೆಗೆ ಹೋಗಿ ತೋರಿಸೋಣವೆಂದು ನಮ್ಮ ಯಜಮಾನರು ಎಷ್ಟು ಹೇಳಿದರೂ ಕೇಳಲಿಲ್ಲ. ಈ ಸಲ ಬೀಗರನ್ನು ಕಳಿಸಿಕೊಟ್ಟು ಬರುತ್ತೇನೆ, ಅವರು ಹೋಗುವುದನ್ನು ಕಣ್ಣಾರೆ ನೋಡದೆ ಎಲ್ಲಿಗೂ ಬರುವುದಿಲ್ಲ ಎಂದು ಹಟ ಹಿಡಿದರು.

ಅದೇ ದಿನಗಳಲ್ಲಿ ಇಂಡಿ ತಾಲ್ಲೂಕಿನ ಹೊರ್ತಿಯಿಂದ ನನ್ನ ನಾದಿನಿಯನ್ನು ನೋಡಲು ಬರುತ್ತೇವೆಂದು ಹೇಳಿಕಳಿಸಿದರು. ಹಿಂದಿನ ಸಂಬಂಧವೊಂದು ಮುರಿದಿತ್ತು. ನಮ್ಮ ಮನೆಯಲ್ಲಿ ಹುಚ್ಚಿನ ತಳಿ ಇದೆಯೆಂದು ಯಾರೋ ಆಡಿದ್ದರಂತೆ. ಯಾರನ್ನು ಕಂಡು ಆಡಿದರೆಂದು ಬಿಡಿಸಿ ಹೇಳಬೇಕೆ? ಅತ್ತೆ ಅಂದು ಕಾಕಾನನ್ನು ಹತ್ತಿರ ಕರೆದು ಮೆಲ್ಲಗೆ ಹೇಳಿದರು: "ಮಾಳಿಗಿ ಮ್ಯಾಲೆ ಕುಂದ್ರಪಾ. ಅವರು ಹೋಗೂತನಾ ಕೆಳಗ ಇಳೀಬ್ಯಾಡ. ಹುಡುಗಿ ಬಾಳೇ ಐತಿ." ಬೈದಿದ್ದರೆ ಕಾಕಾ ತಿರುಗಿ ಏನಾದರೂ ಅನ್ನುತ್ತಿದ್ದರು. ಮೆಲ್ಲಗೆ ಹೇಳಿದ್ದಕ್ಕೆ ದುರ್ಬೀನು ಕೊರಳಿಗೆ ಹಾಕಿಕೊಂಡು ನಿಚ್ಚಣಿಕೆ ಹತ್ತಿದರು.

ಹೊರ್ತಿಯವರು ಬಂದರು. ಹುಡುಗನ ತಂದೆ ಮಾತು ಕಡಿಮೆಯ ಮನುಷ್ಯ. ಹುಡುಗಿಯನ್ನು ನೋಡಿ, ಮನೆಗೆ ಹೋಗಿ ತಿಳಿಸುತ್ತೇವೆ ಎಂದರು. ಆ ಮಾತು ನಾವು ಮೊದಲೂ ಕೇಳಿದ್ದೇ. ಅತ್ತೆಯ ಮುಖ ಬಾಡಿತು. ಅವಲಕ್ಕಿ ತಟ್ಟೆಗಳು ಅರ್ಧ ಖಾಲಿಯಾಗಿದ್ದವು, ಅಷ್ಟರಲ್ಲಿ ಮೇಲಿನ ಬೆಳಕಿಂಡಿಯಿಂದ ಆಕಾಶವಾಣಿಯಾಯಿತು:

"ಏ, ಬರ್ರೋ, ಬೀಗರು ಹೊಂಟ್ರು!"

ಹುಡುಗನ ತಂದೆಯ ಕೈ ಬಾಯಿಯ ಹತ್ತಿರವೇ ನಿಂತಿತು. "ಯಾರು ಹೊಂಟ್ರು? ನಾವಿನ್ನಾ ಚಹಾ ಕುಡದಿಲ್ಲಲ್ರಿ" ಎಂದರು.

ನಮ್ಮವರು ತಲೆ ತಗ್ಗಿಸಿ ಎಲ್ಲವನ್ನೂ ಹೇಳಬೇಕಾಯಿತು. ಕಾಕಾ, ಕೊಕ್ಕರೆ, ಕಣ್ಣು, ಎಲ್ಲ. ಅತ್ತೆ ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ನಾನು ಕೊರಳಿನ ಲಿಂಗವನ್ನು ಸೆರಗಿನೊಳಗೆ ಹಿಡಿದುಕೊಂಡೆ. ಹುಡುಗನ ತಂದೆ ಕೈ ತೊಳೆದು ರುಮಾಲು ಸುತ್ತಿಕೊಂಡರು. ಮುಗಿಯಿತು ಎಂದುಕೊಂಡೆ. ಅವರು ಕೇಳಿದ್ದು ನಿಚ್ಚಣಿಕೆ ಎಲ್ಲಿದೆಯೆಂದು.

ಕಾಕಾ ಮಾಳಿಗೆಯ ಅಂಚಿಗೆ ಹೋಗಿಬಿಟ್ಟಾರೆಂಬ ಭಯಕ್ಕೆ ಹುಡುಗನ ತಂದೆಯ ಹಿಂದೆ ನಾನೂ ಸೆರಗು ಹೊದ್ದು ಹತ್ತಿದೆ. ಕೆರೆಯ ಮೇಲೆ ಹಕ್ಕಿಗಳು ಕರ್ರ್ ಕರ್ರ್ ಎಂದು ಕೂಗುತ್ತ, ದೊಡ್ಡ ಸುತ್ತು ಹಾಕುತ್ತ ಮೇಲೆ ಮೇಲೆ ಏರುತ್ತಿದ್ದವು. ಕಾಕಾ ದುರ್ಬೀನು ಕಣ್ಣಿಗಿಟ್ಟು, "ಎಷ್ಟ್ ಚಂದ ಹೊಂಟಾರ" ಎನ್ನುತ್ತಿದ್ದರು.

ದುರ್ಬೀನು ಹಿತ್ತಲಿನ ಬೇವಿನ ಮರದ ಕಡೆಗಿತ್ತು.

ಉಳಿದಿದ್ದ ಕಣ್ಣೂ ಹೋಗಿತ್ತು. ಯಾವಾಗ ಹೋಯಿತೋ, ನಮಗಾರಿಗೂ ಹೇಳಿರಲಿಲ್ಲ. ಹಕ್ಕಿಗಳ ಕೂಗು ಕೇಳಿಯೇ ಬೀಗರು ಹೊಂಟರೆಂದು ಒದರಿದ್ದರು. ಹುಡುಗನ ತಂದೆ ಆಕಾಶ ನೋಡಿದರು, ಕಾಕಾನನ್ನು ನೋಡಿದರು. ಹತ್ತಿರ ಹೋಗಿ, ಎರಡೂ ಭುಜ ಹಿಡಿದು ಮೆಲ್ಲಗೆ ಕೆರೆಯ ಕಡೆ ತಿರುಗಿಸಿದರು.

"ಈ ಕಡೆ ಅದಾರ್ರೀ, ಬೀಗರ."

ಕೆಳಗೆ ನಿಚ್ಚಣಿಕೆ ಹಿಡಿದು ನಿಂತಿದ್ದ ಅತ್ತೆಗೂ ಆ ಮಾತು ಕೇಳಿಸಿತು. ಅವರು ಅಲ್ಲೇ ನೆಲಕ್ಕೆ ಕೂತರು. ಕಾಕಾ ದುರ್ಬೀನು ಇಳಿಸಿದರು.

"ಏನಂದ್ರಿ?"

"ಬೀಗರ ಅಂದೆ. ಯಾಕ್ರಿ, ತಪ್ಪಾತೇನು?"

ಹಕ್ಕಿಗಳು ಒಂದು ಚಿಟಿಕೆ ವಿಭೂತಿಯಷ್ಟಾಗಿ ಉತ್ತರಕ್ಕೆ ಸರಿಯುತ್ತಿದ್ದವು. ಅವುಗಳ ಕೂಗು ಇನ್ನೂ ಕೇಳುತ್ತಿತ್ತು, ಆದರೆ ಕಾಕಾ ಮುಖವೆತ್ತಲಿಲ್ಲ. ತಡಕಾಡಿ ಆ ಮನುಷ್ಯನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು, ನಾನೆಲ್ಲಿ ನಿಂತಿದ್ದೇನೆಂದು ತಿಳಿಯದೆ ಗಾಳಿಗೆ ಹೇಳಿದರು:

"ಯವ್ವಾ, ಹೂರಣಕ್ಕಿಡು. ಬೀಗರು ಬಂದಾರ."